ಕೂತಲ್ಲಿಂದಲೇ ಕ್ಲಿಕ್!

ಟೂರ್ ಹೊರಟರೆ ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಕೆಲಸ? ನಮ್ಮಲ್ಲಿ ಟಿಕೆಟ್ ಬುಕ್ ಮಾಡೋದು ಯಜಮಾನರು, ಪುಳಿಯೋಗರೆ ಕಟ್ಟೋದು ಅತ್ತೆ, ಘಾಟಿ ಬಂದ ಕೂಡಲೇ ವಾಂತಿ ಮಾಡೋದು ಮಕ್ಕಳು! ನನಗೂ ಒಂದು ಖಾಯಂ ಕೆಲಸ ಇತ್ತು. ಲಗೇಜು ಕಾಯೋದು.

ಒಂದೂವರೆ ವರ್ಷದವಳಿದ್ದಾಗ ಬಂದ ಪೋಲಿಯೋ ನನ್ನ ಎಡಗಾಲಿನ ಶಕ್ತಿಯನ್ನು ತಗೊಂಡು ಹೋಯಿತು. ಕಾಲಿಗೆ ಕ್ಯಾಲಿಪರ್, ಬಲಗೈಗೆ ಊರುಗೋಲು. ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ಎಷ್ಟು ಬೇಕಾದರೂ ನಡೀತೀನಿ. ಆದರೆ ನಮ್ಮ ಕಡೆ ನೋಡುವಂಥದ್ದೆಲ್ಲ ಇರೋದು ಬೆಟ್ಟದ ಮೇಲೇ ಅಲ್ವಾ? ಹಾಗಾಗಿ ಬೆಟ್ಟದ ಬುಡಕ್ಕೆ ಬಂದ ಕೂಡಲೇ ನನಗೊಂದು ಕುರ್ಚಿ ಹುಡುಕಿ, ಸುತ್ತ ಬ್ಯಾಗು ಜೋಡಿಸಿ, "ನೀನು ಇಲ್ಲೇ ಕೂತಿರು, ಬೇಗ ಬಂದ್ಬಿಡ್ತೀವಿ" ಅಂತ ಎಲ್ಲರೂ ಹೊರಟುಬಿಡೋರು. ಬೇಗ ಅಂದರೆ ಎರಡೂವರೆ ಗಂಟೆ. ಯಾರ ಮೇಲೂ ಸಿಟ್ಟಿನಿಂದ ಹೇಳ್ತಿಲ್ಲ. ಪ್ರೀತಿಯಿಂದಲೇ ಕೂರಿಸುತ್ತಿದ್ದರು. ಆದರೆ ಪ್ರೀತಿಯಿಂದ ಕೂರಿಸಿದರೂ ಕೂತಿರೋದು ಕೂತಿರೋದೇ.

2019ರಲ್ಲಿ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಮೇಲೆ 58 ಅಡಿಯ ಬಾಹುಬಲಿ. ಡೋಲಿ ಇದೆಯಲ್ಲ, ಅದರಲ್ಲಿ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ನನ್ನ ಕ್ಯಾಲಿಪರ್ ಬೂಟಿಗೆ ಸೇರಿಕೊಂಡಿದೆ ಕಣ್ರೀ. ಬೆಟ್ಟ ಹತ್ತೋರು ಚಪ್ಪಲಿ, ಬೂಟು ಕೆಳಗೇ ಬಿಡಬೇಕು. ಬೂಟು ಬಿಟ್ಟರೆ ಕ್ಯಾಲಿಪರೂ ಬಿಟ್ಟ ಹಾಗೆ. ಡೋಲಿಯವರು ಮೇಲೆ ಇಳಿಸಿದ ಮೇಲೆ ನಿಲ್ಲೋದು ಯಾವ ಕಾಲ ಮೇಲೆ? ಇದನ್ನು ಪ್ರತಿ ಸಲ ಪ್ರತಿಯೊಬ್ಬರಿಗೂ ವಿವರಿಸಿ ಸಾಕಾಗಿ, "ನಂಗೆ ಇಲ್ಲೇ ಆರಾಮು" ಅಂದುಬಿಟ್ಟೆ.

ಅವರೆಲ್ಲ ಹತ್ತಿ ಹೋದರು. ನಾನು ಒಂದು ಟೀ ಅಂಗಡಿಯ ಮುಂದೆ ಆರು ಬ್ಯಾಗು, ಒಂದು ನೀರಿನ ಕ್ಯಾನು, ಏಳು ಜೊತೆ ಚಪ್ಪಲಿಯ ಮಧ್ಯೆ ಕೂತೆ. ಬೇಜಾರಿಗೆ ಫೋನ್ ತೆಗೆದು ಎದುರಿಗೆ ಕಂಡದ್ದನ್ನೆಲ್ಲ ಕ್ಲಿಕ್ಕಿಸುತ್ತಾ ಹೋದೆ. ಸುಮಾರು ನಲವತ್ತು ಫೋಟೋ. ಮೂವತ್ತೆಂಟು ದಂಡ. ಒಂದರಲ್ಲಿ ಮಾತ್ರ ಡೋಲಿ ಹೊರುವವರೊಬ್ಬರು ತಮ್ಮದೇ ಖಾಲಿ ಡೋಲಿಯಲ್ಲಿ ಕಾಲು ಚಾಚಿ ಕೂತು, ಕಣ್ಣು ಮುಚ್ಚಿಕೊಂಡು ಟೀ ಕುಡೀತಿದ್ದಾರೆ. ಊರವರನ್ನೆಲ್ಲ ಹೊರುವ ಮನುಷ್ಯ ಎರಡು ನಿಮಿಷಕ್ಕೆ ತಾನೇ ಯಾತ್ರಿಕ! ಇನ್ನೊಂದರಲ್ಲಿ, ಬಂಡೆ ಬಿಸಿ ಸುಡಬಾರದು ಅಂತ ಕಾಲುಚೀಲ ಕೊಂಡ ಅಜ್ಜಿ ಅದನ್ನು ರೇಷ್ಮೆ ಸೀರೆಯ ಕೆಳಗೆ ಎಳೆದುಕೊಳ್ಳುತ್ತಾ ನಾಚಿ ನಗ್ತಿದ್ದಾರೆ.

ವಾಪಸ್ ಬರುವಾಗ ಕಾರಿನಲ್ಲಿ ಫೋನು ಕೈಯಿಂದ ಕೈಗೆ ಹೋಯಿತು. ನಮ್ಮ ಅತ್ತಿಗೆ, "ಇವ್ರೆಲ್ಲ ಎಲ್ಲಿದ್ರೇ? ನಾವು ನೋಡಲೇ ಇಲ್ವಲ್ಲ" ಅಂದರು. ಅವರು ನೋಡಿರಲಿಲ್ಲ, ನಿಜ. ಬೆಟ್ಟ ಹತ್ತೋರಿಗೆ ಬುಡದಲ್ಲಿರೋದು ಕಾಣಲ್ಲ. ಅವತ್ತಿನಿಂದ ನಾನು ಲಗೇಜಿನ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಕೂರೋದು ಈಗಲೂ ಕೂರ್ತೀನಿ, ಆದರೆ ಎಲ್ಲಿ ಕೂರಬೇಕು ಅನ್ನೋದನ್ನು ನಾನೇ ಆರಿಸ್ತೀನಿ.

ಇದನ್ನು ಓದ್ತಾ ಇರೋ ನಿಮಗೆ ಪೋಲಿಯೋ ಇಲ್ಲದಿರಬಹುದು. ಮಂಡಿನೋವು? ಸ್ಲಿಪ್ ಡಿಸ್ಕು? ಮನೆಯಲ್ಲಿ ವೀಲ್‌ಚೇರಿನ ಮೇಲಿರುವ ಅಮ್ಮ, ವಾಕರ್ ಹಿಡಿದ ಅತ್ತೆ? ಹಾಗಿದ್ದರೆ ಮುಂದಿನ ಮಾತು ನಿಮಗೂ ಸೇರಿದ್ದೇ.

ನಡೆಯಬೇಡಿ, ಕಾಯಿರಿ

ಬೀದಿ ಫೋಟೋಗ್ರಫಿ ಅಂದರೆ ಕ್ಯಾಮೆರಾ ನೇತುಹಾಕಿಕೊಂಡು ಗಲ್ಲಿಗಲ್ಲಿ ಸುತ್ತಬೇಕು, ಹಕ್ಕಿ ಹಿಡಿಯೋ ಹಾಗೆ ಜನರ ಹಿಂದೆ ಓಡಬೇಕು ಅಂತ ಎಲ್ಲರ ಕಲ್ಪನೆ. ಅದೊಂದು ದಾರಿ. ಇನ್ನೊಂದು ದಾರಿಯೂ ಇದೆ. ನೀವು ಓಡೋದು ಬೇಡ, ಬೀದಿಯೇ ನಿಮ್ಮ ಮುಂದೆ ಹರೀತಾ ಹೋಗಲಿ.

ಅದಕ್ಕೆ ಜಾಗ ಚೆನ್ನಾಗಿರಬೇಕು. ನಾನು ಮೊದಲು ಹುಡುಕೋದು ಬೆನ್ನಿಗೆ ಆಸರೆ. ಗೋಡೆ, ಕಂಬ, ಅರಳಿಕಟ್ಟೆ, ಯಾವುದಾದರೂ ಸರಿ. ಆಮೇಲೆ ಬೆಳಕು ನನ್ನ ಹಿಂದಿನಿಂದಲೋ ಪಕ್ಕದಿಂದಲೋ ಬೀಳಬೇಕು. ಮೂರನೆಯದು ಎದುರಿಗಿನ ಹಿನ್ನೆಲೆ. ಒಂದು ನೀಲಿ ಬಾಗಿಲು, ಸುಣ್ಣ ಬಳಿದ ಗೋಡೆ, ಬಾಳೆಗೊನೆ ಸಾಲು ಕಂಡರೆ ಅದನ್ನೇ ಚೌಕಟ್ಟು ಮಾಡಿಕೊಂಡು, ಫೋನಿನ ಪರದೆ ಮೇಲೆ ಅಲ್ಲಿ ಬೆರಳು ಒತ್ತಿ ಹಿಡೀತೀನಿ. ಬಹಳಷ್ಟು ಫೋನುಗಳಲ್ಲಿ ಹೀಗೆ ಮಾಡಿದರೆ ಫೋಕಸ್ಸೂ ಬೆಳಕೂ ಅಲ್ಲಿಗೇ ಲಾಕ್ ಆಗಿಬಿಡುತ್ತೆ. ಮತ್ತೆ ಸುಮ್ಮನೆ ಕಾಯೋದು. ಹಾಲಿನವನು ಸೈಕಲ್ ತರ್ತಾನೆ, ಸ್ಕೂಲ್ ಹುಡುಗಿ ಜಡೆ ಬಿಚ್ಚಿಕೊಂಡು ಓಡ್ತಾಳೆ, ಹಸು ಬಂದು ಬಾಗಿಲ ಮುಂದೆ ನಿಂತು ಮನೆಯೊಡತಿಯನ್ನು ಕರೆಯುತ್ತೆ. ಎಲ್ಲರೂ ನೀವು ಹಾಕಿಟ್ಟ ರಂಗೋಲಿಯೊಳಗೇ ಬಂದು ಹೋಗ್ತಾರೆ!

ಇನ್ನೊಂದು ಮಾತು. ಮೊದಲ ಹತ್ತು ನಿಮಿಷ ಕಷ್ಟ. ಎಲ್ಲರೂ ನಿಮ್ಮನ್ನೇ ನೋಡ್ತಾರೆ. ನಮ್ಮಂಥವರನ್ನಂತೂ ಕ್ಯಾಮೆರಾ ಇಲ್ಲದಿದ್ದರೂ ನೋಡ್ತಾರೆ, ಇದ್ದರೆ ಕೇಳೋದೇ ಬೇಡ. "ಕಾಲಿಗೇನಾಯ್ತಮ್ಮ?" ಅಂತ ಒಬ್ಬರಾದರೂ ಕೇಳೇ ಕೇಳ್ತಾರೆ. ಮೊದಲೆಲ್ಲ ನನಗೆ ರೇಗುತ್ತಿತ್ತು. ಈಗ "ಪೋಲಿಯೋ, ಅಮ್ಮಾ. ನಿಮ್ಮ ಅಂಗಡಿ ಎಷ್ಟು ವರ್ಷದ್ದು?" ಅಂತ ಮಾತು ತಿರುಗಿಸ್ತೀನಿ. ಅಲ್ಲಿಂದ ಅವರು ಅಂಗಡಿಯ ಕಥೆ ಶುರು ಮಾಡ್ತಾರೆ, ಫೋಟೋಗೂ ದಾರಿ ಆಗುತ್ತೆ. ಕಾಲು ಗಂಟೆ ಕಳೆಯೋದರೊಳಗೆ ನೀವು ಆ ಬೀದಿಯ ಲೈಟು ಕಂಬದ ಹಾಗೆ. ಯಾರೂ ತಿರುಗಿಯೂ ನೋಡಲ್ಲ. ಒಳ್ಳೆ ಫೋಟೋ ಸಿಗೋದು ಆವಾಗಲೇ.

ಕೈ ಎರಡೇ, ಕೆಲಸ ಮೂರು

ಊರುಗೋಲು ಹಿಡಿಯಬೇಕು, ಫೋನು ಹಿಡಿಯಬೇಕು, ಬಟನ್ ಒತ್ತಬೇಕು. ಎರಡೂ ಕೈಯಲ್ಲಿ ಊರುಗೋಲು ಇರೋರ ಕಷ್ಟ ಇನ್ನೂ ಒಂದು ಕೈ ಹೆಚ್ಚು. ನಾನು ಒಂದು ಫೋನ್ ಬೀಳಿಸಿ, ಪರದೆ ಒಡೆದು, ಯಜಮಾನರ ಹತ್ತಿರ ಬೈಸಿಕೊಂಡು ಕಲಿತದ್ದು ಇಷ್ಟು.

ಫೋನನ್ನು ಕೊರಳಿಗೆ ನೇರವಾಗಿ ಹಾಕಬೇಡಿ, ಬಗ್ಗಿದಾಗ ಮುಂದಕ್ಕೆ ತೂಗಾಡಿ ಆಯ ತಪ್ಪಿಸುತ್ತೆ. ದಾರವನ್ನು ಜನಿವಾರದ ಹಾಗೆ ಅಡ್ಡ ಹಾಕಿ. ಫೋಟೋ ತೆಗೆಯೋಕೆ ಪರದೆ ಮುಟ್ಟಬೇಕಾಗಿಲ್ಲ, ಪಕ್ಕದ ವಾಲ್ಯೂಮ್ ಬಟನ್ ಒತ್ತಿದರೂ ಆಗುತ್ತೆ. ಬೆರಳು ಬಿಗಿಯೋ ಸಂಧಿವಾತದವರಿಗೆ ಇದು ದೊಡ್ಡ ಉಪಕಾರ. ವೈರ್ ಇರುವ ಇಯರ್‌ಫೋನಿನ ವಾಲ್ಯೂಮ್ ಬಟನ್ನೂ ಎಷ್ಟೋ ಫೋನುಗಳಲ್ಲಿ ಇದೇ ಕೆಲಸ ಮಾಡುತ್ತೆ. ಬ್ಲೂಟೂತ್ ರಿಮೋಟ್ ಸಿಗುತ್ತೆ, ಕೀ ಬಂಚ್‌ನಷ್ಟು ಚಿಕ್ಕದು. ಕೆಲವು ಫೋನುಗಳಿಗೆ ಬಾಯಲ್ಲಿ ಹೇಳಿದರೂ ಸಾಕು, ಆದರೆ ಮಾರ್ಕೆಟ್ಟಿನ ಗಲಾಟೆಯಲ್ಲಿ ಅದು ನಮ್ಮ ಮಾತು ಕೇಳೋದು ನಮ್ಮ ಮಕ್ಕಳು ಕೇಳೋವಷ್ಟೇ!

ನಿಂತು ತೆಗೆಯೋದಾದರೆ ಮೊದಲು ಬೆನ್ನನ್ನು ಗೋಡೆಗೆ ಕೊಟ್ಟು, ಊರುಗೋಲನ್ನು ಮುಂದೆ ನೆಟ್ಟು, ಅದರ ಹಿಡಿ ಮೇಲೆ ಫೋನ್ ಹಿಡಿದ ಕೈ ಊರಿ. ಮೂರು ಕಾಲಿನ ಸ್ಟ್ಯಾಂಡಿಗೇನು ಕಮ್ಮಿ? ನಿಜವಾದ ಕ್ಯಾಮೆರಾ ಇದ್ದೋರು ಶಟರ್ ವೇಗವನ್ನು ಸೆಕೆಂಡಿನ 250ನೇ ಒಂದು ಭಾಗಕ್ಕೋ ಅದಕ್ಕಿಂತ ಚುರುಕಿಗೋ ಇಟ್ಟು, ಐಎಸ್ಒ ಆಟೋಗೆ ಬಿಡಿ. ಕೈ ಸ್ವಲ್ಪ ನಡುಗಿದರೂ, ಎದುರಿನವರು ನಡೆದರೂ ಚಿತ್ರ ಅಲ್ಲಾಡಲ್ಲ.

ವೀಲ್‌ಚೇರ್ ಮೇಲಿರುವ ನನ್ನ ಗೆಳತಿಯೊಬ್ಬಳು ಕುರ್ಚಿಯ ಹಿಡಿಗೆ ಒಂದು ಕ್ಲಾಂಪ್ ಬಿಗಿದು ಫೋನ್ ಸಿಕ್ಕಿಸಿಕೊಂಡಿದ್ದಾಳೆ. "ನಿಮ್ಮ ಫೋಟೋದಲ್ಲೆಲ್ಲ ಮಕ್ಕಳು ನೆತ್ತಿ ತೋರಿಸ್ತಾರೆ, ನನ್ನ ಫೋಟೋದಲ್ಲಿ ಮುಖ ತೋರಿಸ್ತಾರೆ" ಅಂತ ಅವಳಿಗೆ ಜಂಬ. ಜಂಬ ಪಡೋದು ಸರಿಯೇ. ಕೂತವರ ಕಣ್ಣು ಮಗುವಿನ ಕಣ್ಣಿನ ಮಟ್ಟದಲ್ಲಿರುತ್ತೆ, ನೆಲದ ಮೇಲೆ ಕೂತು ಸೊಪ್ಪು ಮಾರೋರಿಗೂ ಹತ್ತಿರವಾಗಿರುತ್ತೆ. ನಿಂತು ತೆಗೆಯೋ ಫೋಟೋಗ್ರಾಫರುಗಳು ಇದಕ್ಕಾಗಿ ಮಂಡಿ ಊರಿ ಒದ್ದಾಡ್ತಾರೆ.

ಮೊದಲ ಅಭ್ಯಾಸಕ್ಕೆ ಎಲ್ಲಿಗೆ ಹೋಗೋದು ಅಂತ ಕೇಳಿದರೆ, ನಾನು ಉಡುಪಿಯ ರಥಬೀದಿ ಅಂತೀನಿ. ಕೃಷ್ಣಮಠದ ಸುತ್ತ ರಥ ಎಳೆಯೋ ಬೀದಿ, ಆದ್ದರಿಂದ ಅಗಲವಾಗಿ ಸಮತಟ್ಟಾಗಿದೆ. ಗಾಲಿಕುರ್ಚಿ ಸಲೀಸಾಗಿ ಹೋಗುತ್ತೆ. ಹಂಪಿಯಲ್ಲಿ ಕಲ್ಲು ಜಾಸ್ತಿ, ಆದರೆ ವಿಠ್ಠಲ ದೇವಸ್ಥಾನದ ಕಡೆಗೆ ಬ್ಯಾಟರಿ ಗಾಡಿ ಇದೆ. ಅದನ್ನು ಓಡಿಸೋ ಹೆಣ್ಣುಮಕ್ಕಳ ಫೋಟೋ ತೆಗೆಯೋದು ಮರೀಬೇಡಿ. ಮೈಸೂರಿನ ದೇವರಾಜ ಮಾರ್ಕೆಟ್ಟು ನನ್ನ ಅಚ್ಚುಮೆಚ್ಚು. ಅರಿಶಿನ ಕುಂಕುಮದ ಗುಡ್ಡೆ, ಸೇವಂತಿಗೆ, ಕನಕಾಂಬರ, ಎಲ್ಲಾ ಒಂದೇ ಕಡೆ. ಆದರೆ ಹುಷಾರು. ಹೂವಿಗೆ ನೀರು ಚಿಮುಕಿಸಿ ಚಿಮುಕಿಸಿ ನೆಲ ಜಾರುತ್ತೆ, ಕೊಳೆತ ಎಲೆ ಬೇರೆ. ಊರುಗೋಲಿನ ತುದಿಯ ರಬ್ಬರ್ ಸವೆದಿದ್ದರೆ ಅಲ್ಲಿಗೆ ಹೋಗಲೇಬೇಡಿ. ನಾನು ಒಮ್ಮೆ ಜಾರಿದವಳು ನೇರ ಹೂವಿನ ಬುಟ್ಟಿಯೊಳಗೇ ಕೂತಿದ್ದೆ! ಹೂವಿನಜ್ಜಿ ಬೈಯ್ಯಲಿಲ್ಲ. "ಎದ್ದೇಳವ್ವ, ದೇವ್ರಿಗೆ ಹೋಗೋ ಹೂವು" ಅಂದು ಕೈ ಕೊಟ್ಟರು. ಎರಡು ಮಾರು ಸೇವಂತಿಗೆ ಕೊಂಡೆ, ಮತ್ತಿನ್ನೇನು ಮಾಡೋದು? ಆಮೇಲೆ ಆ ಅಜ್ಜಿಯ ಪಕ್ಕದಲ್ಲೇ ಸ್ಟೂಲ್ ಹಾಕಿಸಿಕೊಂಡು ಒಂದು ಗಂಟೆ ಕೂತೆ. ಅವತ್ತಿನ ಫೋಟೋಗಳೆಲ್ಲ ಹೂ ಮಾರೋರ ಕಡೆಯಿಂದ ಕಾಣೋ ಗಿರಾಕಿಗಳದ್ದು. ಚೌಕಾಸಿ ಮಾಡುವಾಗ ನಮ್ಮ ಮುಖ ಹೇಗಿರುತ್ತೆ ಅಂತ ಒಮ್ಮೆ ನೋಡಬೇಕು ನೀವು!

ನನ್ನ ಫೋಟೋ ತೆಗೆದವರು

ಈಗ ಒಂದು ಕಹಿ ವಿಷಯ. ಕೆಲವು ವರ್ಷಗಳ ಹಿಂದೆ ಸಂಬಂಧಿಕರ ಮದುವೆಗೆ ಒಂದು ಛತ್ರಕ್ಕೆ ಹೋಗಿದ್ದೆ. ಊಟದ ಮನೆ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೆಟ್ಟಿಲ ಮೇಲೆ ಕೂತು, ಕೈ ಊರಿ, ಹಿಂದಕ್ಕೆ ಒಂದೊಂದೇ ಮೆಟ್ಟಿಲು ಏರುತ್ತಾ ಹೋದೆ. ನನಗೆ ಅದು ಹೊಸದಲ್ಲ. ಸೀರೆ ಸ್ವಲ್ಪ ಮೇಲೆ ಸರಿದಿತ್ತು, ಬೆವರಿದ್ದೆ. ಮಾರನೇ ದಿನ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಅದೇ ಫೋಟೋ! ಕೆಳಗೆ "ಮನಸ್ಸಿದ್ದರೆ ಮಾರ್ಗ" ಅಂತ ಬರೆದು ಮೂರು ಕೈಮುಗಿಯೋ ಚಿತ್ರ. ಇಪ್ಪತ್ತು ಜನ ಚಪ್ಪಾಳೆ ತಟ್ಟಿದ್ದರು. ಲಿಫ್ಟ್ ಇಲ್ಲದ ಛತ್ರ ಯಾಕೆ ಗೊತ್ತು ಮಾಡಿದಿರಿ ಅಂತ ಒಬ್ಬರೂ ಕೇಳಿರಲಿಲ್ಲ.

ಎರಡು ದಿನ ಊಟ ಸೇರಲಿಲ್ಲ. ಫೋಟೋ ಕೆಟ್ಟದಾಗಿದೆ ಅಂತಲ್ಲ. ನನ್ನನ್ನು ಕೇಳಲಿಲ್ಲವಲ್ಲ ಅಂತ. ಆಮೇಲೆ ನನ್ನ ಫೋನು ತೆಗೆದು ನೋಡಿಕೊಂಡೆ. ಬೆಳಗೊಳದ ಡೋಲಿಯವರನ್ನು ನಾನು ಕೇಳಿದ್ದೆನಾ? ಕಾಲುಚೀಲದ ಅಜ್ಜಿಯನ್ನು? ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದ ಆ ಮನುಷ್ಯನನ್ನು? ಕೇಳಿರಲಿಲ್ಲ. ಮಲಗಿದ್ದವರ ಫೋಟೋಗಳನ್ನೆಲ್ಲ ಅವತ್ತೇ ಅಳಿಸಿದೆ.

ಈ ವಿಷಯದಲ್ಲಿ ಡೊರೊಥಿಯಾ ಲ್ಯಾಂಗ್ ಅನ್ನುವ ಅಮೆರಿಕದ ಫೋಟೋಗ್ರಾಫರ್ ಕಥೆ ನನ್ನನ್ನು ಬಹಳ ಕಾಡಿದೆ. ಆಕೆಗೂ ಏಳನೇ ವಯಸ್ಸಿನಲ್ಲಿ, 1902ರಲ್ಲಿ, ಪೋಲಿಯೋ ಆಗಿ ಬಲಗಾಲು ಸೊರಗಿತ್ತು, ಜೀವನಪೂರ್ತಿ ಕುಂಟುತ್ತಲೇ ನಡೆದಾಕೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶ್ರೀಮಂತರ ಫೋಟೋ ತೆಗೆಯೋ ಸ್ಟುಡಿಯೋ ಇತ್ತು. ಕೆಲಸ ಕಳಕೊಂಡವರು ಬ್ರೆಡ್ಡಿಗಾಗಿ ಸಾಲು ನಿಂತಿದ್ದ ಕಾಲದಲ್ಲಿ, 1933ರಲ್ಲಿ, ಸ್ಟುಡಿಯೋ ಬಿಟ್ಟು ಬೀದಿಗಿಳಿದಳು. 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೊಯ್ಯುವವರ ಬಿಡಾರದಲ್ಲಿ ತೆಗೆದ, ಮಕ್ಕಳನ್ನು ತಬ್ಬಿ ಕೂತ 'ವಲಸೆ ತಾಯಿ' ಚಿತ್ರ ಜಗತ್ತಿಗೇ ಗೊತ್ತು. ಕುಂಟುತ್ತಾ ಬರೋ ನನ್ನನ್ನು ಕಂಡರೆ ಬಡವರು ದೂರ ಸರಿಯುತ್ತಿರಲಿಲ್ಲ ಅಂತ ಆಕೆಗೆ ಅನಿಸಿತ್ತು. ನನಗೂ ಅದು ಅನುಭವಕ್ಕೆ ಬಂದಿದೆ. ಊರುಗೋಲಿನವಳು ಏನು ತಾನೇ ಮಾಡಿಯಾಳು ಅಂತ ಜನ ಬಹಳ ಬೇಗ ನಂಬ್ತಾರೆ.

ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. ಆ ಚಿತ್ರದ ತಾಯಿ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಯಾರು ಅಂತ ಲೋಕಕ್ಕೆ ತಿಳಿದದ್ದು 1978ರಲ್ಲಿ, ಲ್ಯಾಂಗ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ. ತನ್ನ ಹೆಸರನ್ನೂ ಕೇಳದೆ ಹೋದರು, ಆ ಫೋಟೋದಿಂದ ತನಗೆ ಒಂದು ಕಾಸೂ ಬರಲಿಲ್ಲ, ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಆಕೆ ಬೇಸರ ತೋಡಿಕೊಂಡಿದ್ದರು. ಇಬ್ಬರೂ ನನಗೆ ಬೇಕಾದವರೇ. ಕ್ಯಾಮೆರಾ ಹಿಡಿದಾಗ ನಾನು ಲ್ಯಾಂಗ್, ಮೆಟ್ಟಿಲು ಹತ್ತುವಾಗ ನಾನು ಫ್ಲಾರೆನ್ಸ್.

ಹಾಗಾಗಿ ನಾನು ಹಾಕಿಕೊಂಡ ಕಟ್ಟುಪಾಡು ಹೇಳ್ತೀನಿ, ಒಪ್ಪೋದು ಬಿಡೋದು ನಿಮ್ಮಿಷ್ಟ. ದೂರದ ಗುಂಪು, ರಸ್ತೆ, ಸಂತೆ ಆದರೆ ಸುಮ್ಮನೆ ತೆಗೀತೀನಿ. ಒಬ್ಬರ ಮುಖ ಎದ್ದು ಕಾಣುವಂತಿದ್ದರೆ ಕೇಳ್ತೀನಿ. ಕ್ಷಣ ತಪ್ಪಿಹೋಗುತ್ತೆ ಅನಿಸಿದರೆ ಮೊದಲು ತೆಗೆದು, ಕೂಡಲೇ ಕರೆದು ತೋರಿಸ್ತೀನಿ, ಬೇಡ ಅಂದರೆ ಅವರೆದುರೇ ಅಳಿಸ್ತೀನಿ. ಮಕ್ಕಳದ್ದಾದರೆ ಅಪ್ಪ ಅಮ್ಮನ ಒಪ್ಪಿಗೆ. ಮಲಗಿದವರು, ಭಿಕ್ಷೆ ಬೇಡೋರು, ಸ್ನಾನಘಟ್ಟದಲ್ಲಿರೋ ಹೆಂಗಸರು, ಯಾವತ್ತೂ ಬೇಡ.

ಹೊರಡೋ ಮುಂಚೆ

ಅಂಗವಿಕಲರು ಅಂತಿದ್ದದ್ದು ವಿಕಲಚೇತನರು ಆಯ್ತು, ಆಮೇಲೆ ವಿಶೇಷಚೇತನರು ಆಯ್ತು. ಮೆಟ್ಟಿಲು ಮಾತ್ರ ಅಷ್ಟೇ ಎತ್ತರ ಇದೆ! ಆದ್ದರಿಂದ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಲಾಡ್ಜಿನವರು "ಎಲ್ಲಾ ಫೆಸಿಲಿಟಿ ಇದೆ ಮೇಡಂ" ಅಂತಾರೆ. ನಂಬಬೇಡಿ. ರೂಮು ನೆಲಮಹಡಿಯಲ್ಲಿದೆಯಾ, ಒಳಗೆ ಬರೋಕೆ ಎಷ್ಟು ಮೆಟ್ಟಿಲು, ಕಮೋಡ್ ಇದೆಯಾ, ಬಾತ್‌ರೂಮಿನ ಬಾಗಿಲು ಎಷ್ಟು ಇಂಚು ಅಂತ ಬಿಡಿಸಿ ಬಿಡಿಸಿ ಕೇಳಿ. ನನ್ನ ಗೆಳತಿಯ ವೀಲ್‌ಚೇರ್ 25 ಇಂಚು, ಒಂದು ಊರಿನ ರೂಮಿನ ಬಾಗಿಲು 24. ಒಂದೇ ಒಂದು ಇಂಚಿಗಾಗಿ ಅವಳು ಪಟ್ಟ ಪಾಡು ಹೆಂಗಸರಾದ ನಿಮಗೆ ವಿವರಿಸಬೇಕಿಲ್ಲ. ಶೌಚಾಲಯಕ್ಕೆ ಹೆದರಿ ನೀರೇ ಕುಡಿಯದೆ ಇರೋದು ನಮ್ಮೆಲ್ಲರ ಚಾಳಿ. ಬಿಸಿಲಲ್ಲಿ ಕೂತು ಫೋಟೋ ತೆಗೆಯೋರು ಹಾಗೆ ಮಾಡಿದರೆ ತಲೆ ಸುತ್ತುತ್ತೆ. ಎಲ್ಲಿ ಶೌಚಾಲಯ ಚೆನ್ನಾಗಿದೆ ಅಂತ ಮೊದಲೇ ಗುರುತು ಮಾಡಿಕೊಂಡು, ಅದರ ಹತ್ತಿರದ ಬೀದಿಯನ್ನೇ ಆರಿಸಿಕೊಳ್ಳಿ. ನಾನು ಮಾಡೋದು ಹಾಗೇ.

ಓಡಾಟದ ಖರ್ಚಿನ ಬಗ್ಗೆ ಹೇಳಬೇಕೆಂದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ರಾಜಹಂಸ, ಐರಾವತಕ್ಕೆ ಅದು ನಡೆಯಲ್ಲ. ರೈಲಿನಲ್ಲಿ, ಜೊತೆಗೊಬ್ಬರು ಇಲ್ಲದೆ ಪ್ರಯಾಣ ಮಾಡಲಾಗದ ಅಂಗವೈಕಲ್ಯ ಇರೋರಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಶೇ 75 ರಿಯಾಯಿತಿ ಇದೆ. ಜೊತೆಗೆ ಬರೋರಿಗೂ ಅಷ್ಟೇ. ರೈಲ್ವೆಯವರ ಗುರುತಿನ ಚೀಟಿ ಮೊದಲೇ ಮಾಡಿಸಿಟ್ಟುಕೊಂಡಿರಬೇಕು. ಅಂಗವಿಕಲರ ಬೋಗಿ ಸಾಮಾನ್ಯವಾಗಿ ರೈಲಿನ ತುದಿಯಲ್ಲಿರೋದರಿಂದ ಪ್ಲಾಟ್‌ಫಾರಂ ಉದ್ದಕ್ಕೂ ನಡೆಯಬೇಕಾದೀತು. ಅರ್ಧ ಗಂಟೆ ಮುಂಚೆ ಹೋಗಿ. ಮುಂಚೆ ಹೋದರೆ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ನೋಡೋಕೂ ಸಮಯ ಸಿಗುತ್ತೆ.

ಜೊತೆಗೆ ಬರೋರಿಗೂ ಒಂದು ಮಾತು ಹೇಳಿಬಿಡಿ. "ಆಯ್ತಾ? ಆಯ್ತಾ?" ಅಂತ ಐದು ನಿಮಿಷಕ್ಕೊಮ್ಮೆ ಕೇಳೋರ ಪಕ್ಕದಲ್ಲಿ ಫೋಟೋ ಆಗಲ್ಲ. ನಮ್ಮ ಯಜಮಾನರಿಗೆ ನಾನು ಹೇಳೋದು, "ನೀವು ಹೋಗಿ ಬನ್ನಿ ರೀ, ಎರಡು ಗಂಟೆ ಬಿಟ್ಟು ಬನ್ನಿ, ಬ್ಯಾಗು ಮಾತ್ರ ನೀವೇ ತಗೊಂಡು ಹೋಗಿ" ಅಂತ.

ಹೋದ ವರ್ಷ ಮತ್ತೆ ಬೆಳಗೊಳಕ್ಕೆ ಹೋದಾಗ ಹಳೆಯ ಫೋಟೋಗಳನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಅದೇ ಟೀ ಅಂಗಡಿಯಲ್ಲಿ ವಿಚಾರಿಸಿದೆ. ಕಾಲುಚೀಲದ ಅಜ್ಜಿ ಯಾವೂರವರೋ ಏನೋ, ಸಿಗುವ ಹಾಗಿಲ್ಲ. ಡೋಲಿಯವರು ಸಿಕ್ಕರು. ಕೇಳದೆ ತೆಗೆದಿದ್ದೆ, ತಪ್ಪಾಯ್ತು ಅಂತ ಹೇಳಿ ಪ್ರಿಂಟು ಕೊಟ್ಟೆ. ತುಂಬಾ ಹೊತ್ತು ಹಿಡಿದುಕೊಂಡು ನೋಡಿದರು. "ಇದೇನಕ್ಕಾ, ಕಣ್ ಮುಚ್ಕೊಂಡ್ ಕುಂತಿವ್ನಿ, ಕುಡ್ದೋನ್ ಥರ ಕಾಣ್ತೀನಿ. ತಡೀರಿ" ಅಂದವರೇ ಅಂಗಡಿಯ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಶರಟಿನ ಗುಂಡಿ ಹಾಕಿಕೊಂಡು, ಡೋಲಿಯ ಪಕ್ಕದಲ್ಲಿ ನೆಟ್ಟಗೆ ನಿಂತರು. ಪರೇಡಿಗೆ ನಿಂತ ಹಾಗೆ. ಬೀದಿ ಫೋಟೋದ ಲೆಕ್ಕದಲ್ಲಿ ಅದೇನೂ ದೊಡ್ಡ ಫೋಟೋ ಅಲ್ಲ. ಎರಡು ಪ್ರಿಂಟ್ ಕೇಳಿದ್ದಾರೆ, ಒಂದು ಮನೆಗೆ, ಒಂದು ಮಗಳ ಮನೆಗೆ. ಹಾಕಿಸಿ ಇಟ್ಟಿದ್ದೀನಿ, ದೀಪಾವಳಿ ರಜೆಯಲ್ಲಿ ಹೋಗಿ ಕೊಡಬೇಕು.